ಯಾವ ಪದವಿ ಯಾವ ಬಾಗಿಲು ತೆರೆಯುತ್ತದೆ? ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಪದವಿಗಳ ಪರಿಚಯ

(ಸಂಘದ ವಾರ್ಷಿಕ ಶೈಕ್ಷಣಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ದೊರೆಯುವ ಪದವಿಗಳ ಬಗ್ಗೆ ಮಾತನಾಡಬೇಕೆಂದು ಸಂಘದ ಪದಾಧಿಕಾರಿಗಳು ಸೂಚಿಸಿದ್ದಾರೆ. ನಮ್ಮ ಮನೆಗಳಲ್ಲಿ ಈಗ "ಮಗ ಫಾರಿನ್‌ನಲ್ಲಿ ಓದಬೇಕು" ಎಂಬ ಮಾತು ಸಾಮಾನ್ಯವಾಗಿದೆ. ಮಗಳ ಹೆಸರಿನಲ್ಲೂ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಈ ಮಾತು ಕೇಳಿಬರುತ್ತಿರುವುದು ಸಂತೋಷದ ಸಂಗತಿ. ಆದರೆ "ಏನು ಓದುತ್ತಾನೆ?" ಎಂದು ಕೇಳಿದರೆ ದೇಶದ ಹೆಸರು ಬರುತ್ತದೆ, ಊರಿನ ಹೆಸರು ಬರುತ್ತದೆ, ಖರ್ಚಿನ ಲೆಕ್ಕ ಬರುತ್ತದೆ. ಪದವಿ ಯಾವ ಬಗೆಯದು, ಅದನ್ನು ಹಿಡಿದು ಬಂದವನಿಗೆ ಯಾವ ಕೆಲಸದ ಬಾಗಿಲು ತೆರೆಯುತ್ತದೆ ಎಂಬ ಉತ್ತರ ಮಾತ್ರ ಬರುವುದಿಲ್ಲ. ತಾಯಿಯ ಒಡವೆ, ತಂದೆಯ ನಿವೇಶನ ಇವುಗಳ ಮೇಲೆ ನಡೆಯುವ ಓದಿನಲ್ಲಿ ಈ ಪ್ರಶ್ನೆಯೇ ಮೊದಲು ಬರಬೇಕು ಎಂಬುದು ನನ್ನ ಇಂದಿನ ಮಾತಿನ ಸಾರ.

ಯುರೋಪಿನಲ್ಲಿ ಸಾವಿರಾರು ಉನ್ನತ ಶಿಕ್ಷಣ ಸಂಸ್ಥೆಗಳಿವೆ. ಎಲ್ಲದರ ಬಗ್ಗೆ ಸ್ವಲ್ಪ ಸ್ವಲ್ಪ ಹೇಳುವುದಕ್ಕಿಂತ ಒಂದನ್ನೇ ತೆಗೆದುಕೊಂಡು ಸರಿಯಾಗಿ ತಿಳಿಯುವುದು ಲೇಸು. ಅದಕ್ಕಾಗಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡಿದ್ದೇನೆ. ಉರ್ದು ಓದುವವರಿಗೆ ಈ ಹೆಸರು ಹೊಸದಲ್ಲ. ಅಲ್ಲಾಮ ಇಕ್ಬಾಲರು 1907ರಲ್ಲಿ ಜರ್ಮನ್ ಭಾಷೆ ಕಲಿಯಲು ತಂಗಿದ್ದ ಊರು ಅದು. ಅಲ್ಲಿನ ನೆಕರ್ ನದಿಯ ದಂಡೆಯ ಒಂದು ರಸ್ತೆಗೆ ಇಂದಿಗೂ ಅವರ ಹೆಸರಿದೆ.

ವಿಶ್ವವಿದ್ಯಾಲಯದ ಪರಿಚಯ

ಇಂದಿನ ಜರ್ಮನಿಯ ಅತ್ಯಂತ ಹಳೆಯ ವಿಶ್ವವಿದ್ಯಾಲಯವಾದ ಹೈಡೆಲ್‌ಬರ್ಗ್ 1386ರಲ್ಲಿ ಸ್ಥಾಪನೆಯಾಯಿತು. ನಮ್ಮ ನಾಡಿನಲ್ಲಿ ಆಗ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಆಳುತ್ತಿದ್ದರು. ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯವೆಂದರೆ ಧರ್ಮಶಾಸ್ತ್ರ, ಕಾನೂನು, ವೈದ್ಯಕೀಯ, ತತ್ವಶಾಸ್ತ್ರ ಎಂಬ ನಾಲ್ಕು ವಿಭಾಗಗಳು. ವೈದ್ಯಕೀಯ ವಿಭಾಗಗಳಲ್ಲಿ ನಮ್ಮ ಇಬ್ನ್ ಸೀನಾರ "ಅಲ್ ಕಾನೂನ್" ಗ್ರಂಥವು ಲ್ಯಾಟಿನ್ ಅನುವಾದದಲ್ಲಿ ಹದಿನೇಳನೆಯ ಶತಮಾನದವರೆಗೂ ಪಠ್ಯವಾಗಿತ್ತು. ಇಲ್ಮ್ ಎಂಬುದು ಯಾವ ಒಂದು ದಿಕ್ಕಿನ ಸ್ವತ್ತೂ ಅಲ್ಲ ಎನ್ನುವುದಕ್ಕೆ ಇದೊಂದೇ ಉದಾಹರಣೆ ಸಾಕು.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿನಿಯರು ಗಮನಿಸಬೇಕು. ಐನೂರು ವರ್ಷಗಳಿಗೂ ಹೆಚ್ಚು ಕಾಲ ಈ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪೂರ್ಣ ಪ್ರವೇಶವಿರಲಿಲ್ಲ. ಅಂದಿನ ಬಾಡೆನ್ ಸರ್ಕಾರ 1900ರಲ್ಲಿ ಆ ಬಾಗಿಲು ತೆರೆಯಿತು. ಜರ್ಮನ್ ರಾಜ್ಯಗಳಲ್ಲಿ ಮೊದಲು ಹಾಗೆ ಮಾಡಿದ್ದು ಬಾಡೆನ್. ದೊಡ್ಡ ರಾಜ್ಯವಾದ ಪ್ರಷ್ಯಾ 1908ರವರೆಗೆ ಕಾಯಿತು. ಮುಂದುವರಿದವರು ಎನಿಸಿಕೊಂಡವರಲ್ಲೂ ಈ ಹಕ್ಕು ತಾನಾಗಿ ಬಂದಿಲ್ಲ.

1962ರಲ್ಲಿ ಇಲ್ಲಿ ದಕ್ಷಿಣ ಏಷ್ಯಾ ಅಧ್ಯಯನ ಸಂಸ್ಥೆ ಆರಂಭವಾಯಿತು. ನಮ್ಮ ಉಪಖಂಡದ ಇತಿಹಾಸ, ರಾಜಕೀಯ, ಭಾಷೆಗಳನ್ನು ಅಲ್ಲಿ ಕಲಿಸುತ್ತಾರೆ. ಅವುಗಳಲ್ಲಿ ಉರ್ದುವೂ ಒಂದು.

ಮೊದಲ ಬಗೆ: ಬ್ಯಾಚಲರ್

ಹಿಂದೆ ಜರ್ಮನಿಯಲ್ಲಿ ಬಿ.ಎ., ಎಂ.ಎ. ಎಂಬ ಎರಡು ಮೆಟ್ಟಿಲುಗಳ ಪದ್ಧತಿ ಇರಲಿಲ್ಲ. ವಿಜ್ಞಾನ, ಎಂಜಿನಿಯರಿಂಗ್ ಓದುವವರಿಗೆ "ಡಿಪ್ಲೊಮ್", ಕಲಾ ವಿಷಯದವರಿಗೆ "ಮಾಗಿಸ್ಟರ್" ಎಂಬ ಒಂದೇ ದೀರ್ಘ ಪದವಿ ಇತ್ತು. ಈ ಡಿಪ್ಲೊಮ್ ನಮ್ಮ ಪಾಲಿಟೆಕ್ನಿಕ್ ಡಿಪ್ಲೊಮಾ ಅಲ್ಲ, ಸ್ನಾತಕೋತ್ತರ ಮಟ್ಟದ್ದು. ಹೆಸರು ನೋಡಿ ಬೆಲೆ ಕಟ್ಟಬಾರದು ಎಂಬುದಕ್ಕೆ ಇದು ಮೊದಲ ಪಾಠ.

1999ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾ ನಗರದಲ್ಲಿ 29 ದೇಶಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ಘೋಷಣೆಗೆ ಸಹಿ ಹಾಕಿದರು. ಒಂದು ದೇಶದ ಪದವಿ ಇನ್ನೊಂದು ದೇಶಕ್ಕೆ ಸುಲಭವಾಗಿ ಅರ್ಥವಾಗಬೇಕು, ವಿದ್ಯಾರ್ಥಿಗಳು ಗಡಿ ದಾಟಿ ಓದುವಂತಾಗಬೇಕು ಎಂಬುದು ಅದರ ಉದ್ದೇಶ. ಆಮೇಲೆ ಬ್ಯಾಚಲರ್, ಮಾಸ್ಟರ್, ಡಾಕ್ಟರ್ ಎಂಬ ಮೂರು ಹಂತಗಳು ಯುರೋಪಿನ ಬಹುಭಾಗದಲ್ಲಿ ನೆಲೆಯಾದವು.

ಹೈಡೆಲ್‌ಬರ್ಗ್‌ನಲ್ಲಿ ಬ್ಯಾಚಲರ್ ಪದವಿ ಮೂರು ವರ್ಷ, ಅಂದರೆ ಆರು ಸೆಮಿಸ್ಟರ್. ಓದನ್ನು ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ. ವರ್ಷಕ್ಕೆ 60, ಪೂರ್ಣ ಪದವಿಗೆ 180 ಕ್ರೆಡಿಟ್. ಜರ್ಮನಿಯಲ್ಲಿ ಒಂದು ಕ್ರೆಡಿಟ್ ಎಂದರೆ ಹೆಚ್ಚೆಂದರೆ 30 ಗಂಟೆಗಳ ದುಡಿಮೆ. ತರಗತಿಯಲ್ಲಿ ಕುಳಿತ ಗಂಟೆ ಮಾತ್ರವಲ್ಲ, ಗ್ರಂಥಾಲಯದಲ್ಲಿ ಓದಿದ್ದು, ಪ್ರಬಂಧ ಬರೆದದ್ದು, ಪರೀಕ್ಷೆಗೆ ತಯಾರಾದದ್ದು ಎಲ್ಲವೂ ಅದರಲ್ಲಿ ಸೇರುತ್ತದೆ. ವರ್ಷಕ್ಕೆ ಸುಮಾರು 1,800 ಗಂಟೆ. ಪರೀಕ್ಷೆಗೆ ಹದಿನೈದು ದಿನ ಮುಂಚೆ ಗೈಡ್ ತೆರೆಯುವ ಅಭ್ಯಾಸವಿರುವ ನಮ್ಮ ಮಕ್ಕಳು ಈ ಲೆಕ್ಕವನ್ನು ಎರಡು ಸಲ ಓದಿಕೊಳ್ಳಬೇಕು.

ಇಲ್ಲಿ ಬ್ಯಾಚಲರ್‌ನಲ್ಲೇ ಹಲವು ಜೋಡಣೆಗಳಿವೆ. ಒಂದೇ ವಿಷಯವನ್ನು ಪೂರ್ತಿಯಾಗಿ ಓದಬಹುದು. 75 ಪಾಲು ಒಂದು ವಿಷಯ, 25 ಪಾಲು ಇನ್ನೊಂದು ವಿಷಯ ಎಂದು ಆರಿಸಬಹುದು. ಎರಡು ವಿಷಯಗಳನ್ನು 50-50 ಆಗಿಯೂ ಓದಬಹುದು. ಎಲ್ಲ ವಿಷಯಗಳೂ ಎಲ್ಲ ಜೋಡಣೆಯಲ್ಲಿ ಸಿಗುವುದಿಲ್ಲ. ಬಹುತೇಕ ಬ್ಯಾಚಲರ್ ಪದವಿಗಳ ಬೋಧನೆ ಜರ್ಮನ್ ಭಾಷೆಯಲ್ಲಿ ಎಂಬುದನ್ನು ಮರೆಯಬಾರದು.

ಎರಡನೆಯ ಬಗೆ: ಮಾಸ್ಟರ್

ಮಾಸ್ಟರ್ ಪದವಿ ಸಾಮಾನ್ಯವಾಗಿ ಎರಡು ವರ್ಷ, 120 ಕ್ರೆಡಿಟ್. ಇದರಲ್ಲಿ ಎರಡು ಜಾತಿಗಳಿವೆ. ಬ್ಯಾಚಲರ್‌ನಲ್ಲಿ ಓದಿದ ವಿಷಯವನ್ನೇ ಮುಂದುವರಿಸುವ ಮಾಸ್ಟರ್ ಒಂದು. ಕೆಲವು ಕಾಲ ಕೆಲಸ ಮಾಡಿ ಅನುಭವ ಪಡೆದವರಿಗಾಗಿ ನಡೆಸುವ ಮುಂದುವರಿಕೆ ಶಿಕ್ಷಣದ ಮಾಸ್ಟರ್ ಇನ್ನೊಂದು. ಎರಡನೆಯದಕ್ಕೆ ಶುಲ್ಕ ಪ್ರತ್ಯೇಕ, ಬಹಳ ಸಲ ಹೆಚ್ಚು. ಏಜೆಂಟರು ತೋರಿಸುವ ಬಣ್ಣದ ಕಾಗದದಲ್ಲಿ ಎರಡೂ "ಮಾಸ್ಟರ್" ಎಂದೇ ಇರುತ್ತವೆ. ಯಾವುದು ಎಂದು ಕೇಳುವ ಹೊಣೆ ನಮ್ಮದು.

ಮಾಸ್ಟರ್ ಮಟ್ಟದಲ್ಲಿ ಇಂಗ್ಲಿಷ್ ಮಾಧ್ಯಮದ ಓದು ಸಿಗುತ್ತದೆ. ಭೌತಶಾಸ್ತ್ರ, ಅಣು ಜೀವವಿಜ್ಞಾನ, ಅಮೆರಿಕನ್ ಅಧ್ಯಯನ ಇಂತಹ ವಿಷಯಗಳನ್ನು ಹೈಡೆಲ್‌ಬರ್ಗ್‌ನಲ್ಲಿ ಇಂಗ್ಲಿಷ್‌ನಲ್ಲಿ ಓದಬಹುದು. ಆದ್ದರಿಂದ ನಮ್ಮ ಮಕ್ಕಳಿಗೆ ಸಮೀಪದ ದಾರಿಯೆಂದರೆ ಇಲ್ಲಿ ಒಳ್ಳೆಯ ಬಿ.ಎಸ್ಸಿ. ಅಥವಾ ಬಿ.ಇ. ಮುಗಿಸಿ ಅಲ್ಲಿ ಮಾಸ್ಟರ್‌ಗೆ ಹೋಗುವುದು. ಪಿ.ಯು.ಸಿ. ಮುಗಿದ ಕೂಡಲೇ ಹದಿನೆಂಟರ ಮಗುವನ್ನು ಭಾಷೆ ಬಾರದ ಊರಿಗೆ ಕಳಿಸುವ ಅವಸರ ಎಲ್ಲರಿಗೂ ಬೇಕಾಗಿಲ್ಲ.

ಮೂರನೆಯ ಬಗೆ: ಸರ್ಕಾರಿ ಪರೀಕ್ಷೆ

ಇದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದ ಬಗೆ. ಜರ್ಮನ್‌ನಲ್ಲಿ ಇದಕ್ಕೆ "ಸ್ಟಾಟ್ಸ್ ಎಕ್ಸಾಮೆನ್" ಎನ್ನುತ್ತಾರೆ. ವೈದ್ಯಕೀಯ, ದಂತವೈದ್ಯಕೀಯ, ಔಷಧ ವಿಜ್ಞಾನ, ಕಾನೂನು ಈ ನಾಲ್ಕೂ ಹೈಡೆಲ್‌ಬರ್ಗ್‌ನಲ್ಲಿ ಈ ದಾರಿಯಲ್ಲಿವೆ. ಓದು ವಿಶ್ವವಿದ್ಯಾಲಯದಲ್ಲಿ, ಆದರೆ ಪರೀಕ್ಷೆಯ ಹತೋಟಿ ಸರ್ಕಾರದ್ದು. ಜನರ ಪ್ರಾಣ, ಜನರ ನ್ಯಾಯ ಕೈಯಲ್ಲಿರುವ ವೃತ್ತಿಗಳಿಗೆ ಸರ್ಕಾರವೇ ಅಳತೆಗೋಲು ಹಿಡಿಯಬೇಕೆಂಬುದು ಇದರ ಹಿಂದಿನ ವಿಚಾರ.

ವೈದ್ಯಕೀಯ ಓದಿಗೆ ಆರು ವರ್ಷ ಮೂರು ತಿಂಗಳು. ಪರೀಕ್ಷೆ ಮೂರು ಭಾಗಗಳಲ್ಲಿ ನಡೆಯುತ್ತದೆ. ಕೊನೆಯ ಭಾಗಕ್ಕೆ ಮುಂಚೆ ಒಂದು ಇಡೀ ವರ್ಷ ಆಸ್ಪತ್ರೆಯಲ್ಲಿ ಪ್ರಾಯೋಗಿಕ ತರಬೇತಿ. ಪಾಸಾದವರು ವೃತ್ತಿ ಪರವಾನಗಿಗೆ ಅರ್ಹರು. ಆದರೆ ಅವರು ಇನ್ನೂ "ಡಾಕ್ಟರ್" ಅಲ್ಲ! ಹೆಸರಿನ ಹಿಂದೆ ಆ ಬಿರುದು ಹಾಕಿಕೊಳ್ಳಲು ಬೇರೆಯಾಗಿ ಸಂಶೋಧನಾ ಪ್ರಬಂಧ ಬರೆಯಬೇಕು. ಚಿಕಿತ್ಸೆ ಮಾಡುವ ಅಧಿಕಾರವೇ ಬೇರೆ, ಬಿರುದೇ ಬೇರೆ.

ಇಲ್ಲಿ ಪಾಲಕರು ಎಚ್ಚರ ವಹಿಸಬೇಕು. ವಿದೇಶದಲ್ಲಿ ವೈದ್ಯಕೀಯ ಓದಿ ಭಾರತದಲ್ಲಿ ವೃತ್ತಿ ಮಾಡಬಯಸುವವರಿಗೆ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರಲ್ಲಿ ನಿಯಮ ಮಾಡಿದೆ. ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಬೋಧನೆ ಇಂಗ್ಲಿಷ್ ಮಾಧ್ಯಮದಲ್ಲಿ ಎಂಬುವು ಅದರಲ್ಲಿ ಸೇರಿವೆ. ನೀಟ್ ಅರ್ಹತೆಯೂ ಬೇಕು. ಜರ್ಮನ್ ವೈದ್ಯಕೀಯ ಓದು ಜರ್ಮನ್ ಭಾಷೆಯಲ್ಲಿದೆ. ಅಂದರೆ ಓದು ಎಷ್ಟೇ ಶ್ರೇಷ್ಠವಾಗಿದ್ದರೂ ಅದು ಮುಖ್ಯವಾಗಿ ತೆರೆಯುವುದು ಅಲ್ಲಿನ ಆಸ್ಪತ್ರೆಯ ಬಾಗಿಲು. ಊರಿಗೆ ಬಂದು ಕ್ಲಿನಿಕ್ ತೆರೆಯಬೇಕೆಂಬ ಆಸೆಯಿರುವ ಮಗುವಿಗೆ ಇದನ್ನು ಮೊದಲ ದಿನವೇ ಹೇಳಬೇಕು, ಏಳನೆಯ ವರ್ಷದಲ್ಲಿ ಅಲ್ಲ.

ಕಾನೂನಿನದೂ ಹೀಗೆಯೇ. ಮೊದಲ ಪರೀಕ್ಷೆ, ಆಮೇಲೆ ಎರಡು ವರ್ಷ ನ್ಯಾಯಾಲಯ, ಕಚೇರಿಗಳಲ್ಲಿ ತರಬೇತಿ, ಬಳಿಕ ಎರಡನೆಯ ಸರ್ಕಾರಿ ಪರೀಕ್ಷೆ. ಅಷ್ಟು ಮುಗಿಸಿದವರು ಅಲ್ಲಿ ವಕೀಲರೂ ನ್ಯಾಯಾಧೀಶರೂ ಆಗಬಲ್ಲರು. ಕಲಿಯುವುದು ಜರ್ಮನ್ ಕಾನೂನು. ಅದು ಕಲಬುರಗಿಯ ಕೋರ್ಟಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇರೆ ದೇಶದಲ್ಲಿ ಕಾನೂನು ಪದವಿ ಪಡೆದವರಿಗೆ ಎಲ್‌ಎಲ್.ಎಂ. ಎಂಬ ಬೇರೆ ದಾರಿಯಿದೆ.

ನಾಲ್ಕನೆಯ ಬಗೆ: ಶಿಕ್ಷಕರ ಪದವಿ

ನಾನೂ ಶಿಕ್ಷಕನಾದ್ದರಿಂದ ಈ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೈಡೆಲ್‌ಬರ್ಗ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಶಿಕ್ಷಕರಾಗುವವರಿಗೂ ಹಿಂದೆ ಸರ್ಕಾರಿ ಪರೀಕ್ಷೆಯ ದಾರಿಯೇ ಇತ್ತು. 2015ರ ನಂತರ ಅದು ಬ್ಯಾಚಲರ್ ಮತ್ತು ಮಾಸ್ಟರ್ ಆಫ್ ಎಜುಕೇಷನ್ ಪದ್ಧತಿಗೆ ಬದಲಾಯಿತು. ಗಿಮ್ನಾಸಿಯಮ್ ಎಂಬ ಪ್ರೌಢಶಾಲೆಯಲ್ಲಿ ಕಲಿಸುವವರು ಎರಡು ವಿಷಯಗಳನ್ನು ಮೂರು ವರ್ಷ ಬ್ಯಾಚಲರ್‌ನಲ್ಲಿ ಓದುತ್ತಾರೆ. ಮುಂದೆ ಎರಡು ವರ್ಷ ಎಂ.ಎಡ್. ಅದೂ ಮುಗಿದ ಮೇಲೆ 18 ತಿಂಗಳು ಶಾಲೆಯಲ್ಲಿ ಸಂಬಳ ಸಹಿತ ತರಬೇತಿ ಮತ್ತು ಕೊನೆಗೊಂದು ಸರ್ಕಾರಿ ಪರೀಕ್ಷೆ. ಒಟ್ಟು ಆರೂವರೆ ವರ್ಷ.

ನಮ್ಮಲ್ಲಿ ಬಿ.ಎಡ್. ಒಂದು ವರ್ಷದ್ದಾಗಿತ್ತು, 2015ರಿಂದ ಎರಡು ವರ್ಷದ್ದಾಯಿತು. ಆಗ ಗೊಣಗಿದವರೇ ಹೆಚ್ಚು. "ಏನೂ ಸಿಗದಿದ್ದರೆ ಬಿ.ಎಡ್. ಮಾಡು" ಎನ್ನುವ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ, ಹೆಣ್ಣುಮಕ್ಕಳಿಗಂತೂ ಅದೇ ಸಲಹೆ. ವೈದ್ಯನಿಗೆ ಆರು ವರ್ಷ ಕೊಡುವ ಸಮಾಜ ಉಸ್ತಾದನಿಗೂ ಆರು ವರ್ಷ ಕೊಡುತ್ತದೆ ಎಂಬುದನ್ನು ನಾವು ಅಲ್ಲಿಂದ ಕಲಿಯಬಹುದು. ಇದಕ್ಕೆ ವಿಮಾನ ಹತ್ತಬೇಕಾಗಿಲ್ಲ.

ಐದನೆಯ ಬಗೆ: ಡಾಕ್ಟರೇಟ್

ಮಾಸ್ಟರ್ ಮುಗಿಸಿದವರು ಡಾಕ್ಟರೇಟ್‌ಗೆ ಹೋಗುತ್ತಾರೆ. ಇದರಲ್ಲೂ ಎರಡು ರೀತಿ. ಒಬ್ಬ ಪ್ರಾಧ್ಯಾಪಕರನ್ನು ತಾವೇ ಹುಡುಕಿ, ಅವರು ಒಪ್ಪಿದರೆ ಅವರ ಕೈಕೆಳಗೆ ಸಂಶೋಧನೆ ಮಾಡುವುದು ಹಳೆಯ ರೀತಿ. ಇಂತಹ ಮಾರ್ಗದರ್ಶಕರಿಗೆ ಜರ್ಮನ್ನರು "ಡಾಕ್ಟರ್ ತಂದೆ", "ಡಾಕ್ಟರ್ ತಾಯಿ" ಎನ್ನುತ್ತಾರೆ. ನಮ್ಮ ಉಸ್ತಾದ್-ಶಾಗಿರ್ದ್ ಸಂಬಂಧವೇ ನೆನಪಾಗುತ್ತದೆ. ತಂಡವಾಗಿ, ಪಠ್ಯಕ್ರಮದೊಂದಿಗೆ ನಡೆಯುವ ಸಂಶೋಧನಾ ಶಾಲೆಗಳು ಹೊಸ ರೀತಿ.

ನಮ್ಮ ಹಿರಿಯರಲ್ಲಿ ಜರ್ಮನ್ ಡಾಕ್ಟರೇಟ್ ಪಡೆದವರಿದ್ದಾರೆ. ಇಕ್ಬಾಲರು ಹೈಡೆಲ್‌ಬರ್ಗ್‌ನಲ್ಲಿ ಭಾಷೆ ಕಲಿತರು, ಪದವಿ ಪಡೆದದ್ದು ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ, 1907ರಲ್ಲಿ. ವಿಷಯ ಪರ್ಷಿಯಾದ ತತ್ವಚಿಂತನೆಯ ಬೆಳವಣಿಗೆ. 1905ರಿಂದ 1908ರವರೆಗಿನ ಮೂರು ವರ್ಷಗಳಲ್ಲಿ ಅವರು ಮೂರು ಬೇರೆ ಬೇರೆ ಬಗೆಯ ಅರ್ಹತೆ ಪಡೆದರು: ಕೇಂಬ್ರಿಜ್‌ನಲ್ಲಿ ಬಿ.ಎ., ಮ್ಯೂನಿಕ್‌ನಲ್ಲಿ ಡಾಕ್ಟರೇಟ್, ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಬ್ಯಾರಿಸ್ಟರ್. ಹೊರಡುವಾಗಲೇ ಅವರು ಲಾಹೋರಿನ ಎಂ.ಎ., ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಆದರೂ ಮತ್ತೆ ಬಿ.ಎ. ತರಗತಿಯಲ್ಲಿ ಕುಳಿತುಕೊಳ್ಳಲು ಸಂಕೋಚಪಡಲಿಲ್ಲ. ಮುಂದೆ ಜೀವನ ಸಾಗಿಸಲು ನೆರವಾದದ್ದು ಬ್ಯಾರಿಸ್ಟರ್ ವೃತ್ತಿ, ಚಿಂತನೆಗೆ ಆಧಾರವಾದದ್ದು ಸಂಶೋಧನೆ. ಒಂದೊಂದು ಒಂದೊಂದು ಬಾಗಿಲು ತೆರೆಯಿತು.

ಡಾ. ಜಾಕಿರ್ ಹುಸೇನ್‌ರು 1926ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆ ಪದವಿಯೊಂದಿಗೆ ದೊಡ್ಡ ಸಂಬಳ ಹುಡುಕದೆ, ಕಷ್ಟದಲ್ಲಿದ್ದ ಜಾಮಿಯಾ ಮಿಲ್ಲಿಯಾಕ್ಕೆ ಹಿಂದಿರುಗಿ 1948ರವರೆಗೆ ಅದನ್ನು ಮುನ್ನಡೆಸಿದರು. 1967ರಲ್ಲಿ ದೇಶದ ರಾಷ್ಟ್ರಪತಿಯಾದರು. ಪದವಿ ತೆರೆದ ಬಾಗಿಲಿನಿಂದ ತಾನೊಬ್ಬನೇ ಒಳಹೋಗದೆ ಸಾವಿರಾರು ಮಕ್ಕಳನ್ನು ಕರೆದೊಯ್ದ ಬದುಕು ಅದು.

ಗೌರವ ಡಾಕ್ಟರೇಟ್ ಎಂಬುದು ಇದಕ್ಕಿಂತ ಬೇರೆ. ಅದಕ್ಕೆ ಪರೀಕ್ಷೆಯಿಲ್ಲ, ಜೀವನದ ಸಾಧನೆಯೇ ಪ್ರಬಂಧ. ಕನ್ನಡಿಗರಿಗೆ ಇದರ ಅತ್ಯುತ್ತಮ ಉದಾಹರಣೆ ರೆವರೆಂಡ್ ಕಿಟೆಲ್. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. 1896ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಇಂದು ಹಣ ಕೊಟ್ಟರೆ ಸಿಗುವ "ಗೌರವ ಡಾಕ್ಟರೇಟ್"ಗಳನ್ನು ಫ್ಲೆಕ್ಸ್ ಬೋರ್ಡುಗಳಲ್ಲಿ ಕಂಡಾಗ ಕಿಟೆಲ್‌ರ ನಿಘಂಟನ್ನು ನೆನೆಯಬೇಕು.

ಪ್ರವೇಶ ಮತ್ತು ಖರ್ಚು

ಪಿ.ಯು.ಸಿ. ಮಾತ್ರ ಮುಗಿಸಿದವರಿಗೆ ಸಾಮಾನ್ಯವಾಗಿ ನೇರ ಪ್ರವೇಶವಿಲ್ಲ. ಜೆಇಇ ಅಡ್ವಾನ್ಸ್ಡ್ ತೇರ್ಗಡೆಯಾದವರಿಗೆ ತಾಂತ್ರಿಕ ಹಾಗೂ ವಿಜ್ಞಾನ ವಿಷಯಗಳಲ್ಲಿ ದಾರಿಯಿದೆ. ಇಲ್ಲಿಯೇ ಪದವಿ ಓದು ಆರಂಭಿಸಿ ಒಂದು ಹಂತ ಯಶಸ್ವಿಯಾಗಿ ಮುಗಿಸಿದವರು ಸಂಬಂಧಪಟ್ಟ ವಿಷಯದಲ್ಲಿ ಅರ್ಜಿ ಹಾಕಬಹುದು. ಉಳಿದವರಿಗೆ "ಸ್ಟೂಡಿಯನ್ ಕೊಲೆಗ್" ಎಂಬ ಒಂದು ವರ್ಷದ ಸಿದ್ಧತಾ ಕಾಲೇಜು ಮತ್ತು ಅರ್ಹತಾ ಪರೀಕ್ಷೆ. ಹೈಡೆಲ್‌ಬರ್ಗ್‌ನಲ್ಲಿ ಅಂತಹ ಕಾಲೇಜಿದೆ. ಅದಕ್ಕೂ ಜರ್ಮನ್ ಭಾಷೆ ಮೊದಲೇ ಬಂದಿರಬೇಕು.

2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ದೆಹಲಿಯ ಜರ್ಮನ್ ರಾಯಭಾರ ಕಚೇರಿಗೆ ಸೇರಿದ ಎ.ಪಿ.ಎಸ್. ಎಂಬ ವಿಭಾಗ ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಪದ್ಧತಿ ಬಂದಿದೆ. ನಮ್ಮ ವಿಶ್ವವಿದ್ಯಾಲಯಕ್ಕೆ ಅಲ್ಲಿ ಮಾನ್ಯತೆ ಇದೆಯೇ ಎಂಬುದನ್ನು "ಅನಾಬಿನ್" ಎಂಬ ಅಧಿಕೃತ ಪಟ್ಟಿಯಲ್ಲಿ ನೋಡಬಹುದು. ಎಚ್ ಪ್ಲಸ್ ಎಂದಿದ್ದರೆ ಮಾನ್ಯ, ಎಚ್ ಮೈನಸ್ ಎಂದಿದ್ದರೆ ಮಾನ್ಯವಲ್ಲ. ಅಂಕಪಟ್ಟಿಯಲ್ಲೊಂದು, ಆಧಾರ್‌ನಲ್ಲೊಂದು, ಪಾಸ್‌ಪೋರ್ಟ್‌ನಲ್ಲೊಂದು ಹೆಸರಿರುವುದು ನಮ್ಮ ಮಕ್ಕಳಲ್ಲಿ ಸಾಮಾನ್ಯ. ಒಂದು ಕಡೆ ಮೊಹಮ್ಮದ್, ಇನ್ನೊಂದು ಕಡೆ ಎಂ.ಡಿ., ಮತ್ತೊಂದು ಕಡೆ ಅದೂ ಇಲ್ಲ. ಇದನ್ನು ಎಂಟನೆಯ ತರಗತಿಯಲ್ಲೇ ಸರಿಪಡಿಸಿಕೊಳ್ಳುವುದು ಕ್ಷೇಮ.

ಜರ್ಮನಿಯ ಓದು ಪೂರ್ತಿ ಉಚಿತ ಎಂಬ ಮಾತು ಈ ರಾಜ್ಯಕ್ಕೆ ಅನ್ವಯಿಸುವುದಿಲ್ಲ. ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಇಲ್ಲಿ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಪಡೆಯುತ್ತಾರೆ. ಡಾಕ್ಟರೇಟ್ ವಿದ್ಯಾರ್ಥಿಗಳಿಗೆ ಈ ಶುಲ್ಕವಿಲ್ಲ, ಅವರಲ್ಲಿ ಅನೇಕರು ಸಂಬಳ ಪಡೆಯುವ ಸಂಶೋಧನಾ ಸಹಾಯಕರು. ವೀಸಾಕ್ಕಾಗಿ ಒಂದು ವರ್ಷದ ಜೀವನ ವೆಚ್ಚವನ್ನು ಬ್ಯಾಂಕಿನಲ್ಲಿ ಕಟ್ಟಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತ 11,904 ಯೂರೋ ಎಂದು ನಿಗದಿಯಾಯಿತು. ಹೊರಡುವ ವರ್ಷದ ಮೊತ್ತವನ್ನು ರಾಯಭಾರ ಕಚೇರಿಯಿಂದಲೇ ತಿಳಿದುಕೊಳ್ಳಬೇಕು.

ಬಡ್ಡಿಯ ಸಾಲ ಬೇಡವೆಂದು ಹಿಂಜರಿಯುವ ಮನೆಗಳು ನಮ್ಮಲ್ಲಿ ಅನೇಕ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲದ ಬಡ್ಡಿಯನ್ನು ಭರಿಸುತ್ತಿದ್ದ ಕೇಂದ್ರ ಸರ್ಕಾರದ "ಪಢೋ ಪರದೇಶ್" ಯೋಜನೆ 2022-23ರಿಂದ ನಿಂತಿದೆ. ಇಂದಿಗೂ ಅದರ ಹೆಸರು ಹೇಳಿ ಹಣ ಕೇಳುವವರಿದ್ದರೆ ನಂಬಬೇಡಿ. ಜರ್ಮನಿಯ ಡಿ.ಎ.ಎ.ಡಿ. ಎಂಬ ವಿನಿಮಯ ಸಂಸ್ಥೆ ಮಾಸ್ಟರ್ ಮತ್ತು ಡಾಕ್ಟರೇಟ್ ಮಟ್ಟದಲ್ಲಿ ವಿದ್ಯಾರ್ಥಿವೇತನ ನೀಡುತ್ತದೆ. ಈ ಸಂಸ್ಥೆ ಹುಟ್ಟಿದ್ದೂ 1925ರಲ್ಲಿ ಇದೇ ಹೈಡೆಲ್‌ಬರ್ಗ್‌ನಲ್ಲಿ. ನಮ್ಮ ರಾಜ್ಯದ ಯೋಜನೆಗಳ ಆಯಾ ವರ್ಷದ ಪ್ರಕಟಣೆಯನ್ನು ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬೇಕು.

ಸಂಘಕ್ಕೆ ಒಂದು ವಿನಂತಿ

ನಮ್ಮಂತಹ ಸಂಘಗಳಿಗೆ ಸಹಾಯ ಕೋರಿ ಅರ್ಜಿಗಳು ಬರುತ್ತವೆ. ಅಂಕ ನೋಡುತ್ತೇವೆ, ತಂದೆಯ ಆದಾಯ ನೋಡುತ್ತೇವೆ. ಇನ್ನು ಮುಂದೆ ಅರ್ಜಿಯ ಮೇಲೆ ಮೂರು ಪ್ರಶ್ನೆಗಳನ್ನು ಸೇರಿಸೋಣ ಎಂದು ಸವಿನಯವಾಗಿ ಕೋರುತ್ತೇನೆ. ಒಂದು, ಇದು ಬ್ಯಾಚಲರ್, ಮಾಸ್ಟರ್, ಸರ್ಕಾರಿ ಪರೀಕ್ಷೆ, ಶಿಕ್ಷಕ ಪದವಿ, ಡಾಕ್ಟರೇಟ್ ಇವುಗಳಲ್ಲಿ ಯಾವ ಬಗೆ? ಎರಡು, ಇದನ್ನು ಮುಗಿಸಿದವರಿಗೆ ಯಾವ ದೇಶದಲ್ಲಿ, ಯಾವ ಕೆಲಸಕ್ಕೆ ಅರ್ಹತೆ ಬರುತ್ತದೆ? ಮೂರು, ಬೋಧನೆ ಯಾವ ಭಾಷೆಯಲ್ಲಿ, ಆ ಭಾಷೆ ಅರ್ಜಿದಾರರಿಗೆ ಎಷ್ಟು ಬರುತ್ತದೆ? ಈ ಮೂರಕ್ಕೆ ವಿದ್ಯಾರ್ಥಿಯೇ ತನ್ನ ಕೈಯಿಂದ ಉತ್ತರ ಬರೆಯಲಿ. ಏಜೆಂಟರಾಗಲಿ, ಮಾಮು-ಚಾಚಾಗಳಾಗಲಿ ಬರೆಯಬಾರದು. ಉತ್ತರ ಗೊತ್ತಿಲ್ಲದಿದ್ದರೆ ಅರ್ಜಿ ತಿರಸ್ಕರಿಸುವುದು ಬೇಡ, ಹುಡುಕಲು ಸಹಾಯ ಮಾಡೋಣ. ಕರ್ಜೆ ಹಸನಾ ಎಂದು ಕೊಡುವ ಹಣ ದಾನಿಗಳ ಅಮಾನತ್. ಅದು ಸರಿಯಾದ ಬಾಗಿಲಿಗೇ ತಲುಪಬೇಕು.

ವಿದ್ಯಾರ್ಥಿನಿಯರ ಅರ್ಜಿ ಬಂದಾಗ ನಾಲ್ಕನೆಯ ಪ್ರಶ್ನೆ ಸೇರಿಸುವ ಅಭ್ಯಾಸ ನಮ್ಮಲ್ಲಿದೆ: "ಮದುವೆ ಯಾವಾಗ?" ಆ ಪ್ರಶ್ನೆಯನ್ನು ಹುಡುಗರಿಗೆ ಕೇಳುವುದಿಲ್ಲವಾದ್ದರಿಂದ ಹುಡುಗಿಯರಿಗೂ ಕೇಳುವುದು ಬೇಡ. ಮೂರೇ ಪ್ರಶ್ನೆ ಇರಲಿ, ಇಬ್ಬರಿಗೂ ಒಂದೇ ಇರಲಿ.

ಮಕ್ಕಳೇ, ನಿಮ್ಮಲ್ಲಿ ಹೈಡೆಲ್‌ಬರ್ಗ್‌ಗೆ ಹೋಗುವವರು ಒಬ್ಬರೋ ಇಬ್ಬರೋ ಇರಬಹುದು. ಆದರೆ ಈ ಮೂರು ಪ್ರಶ್ನೆಗಳು ಧಾರವಾಡದ ಕಾಲೇಜಿಗೂ ಮಂಗಳೂರಿನ ಕಾಲೇಜಿಗೂ ಅಷ್ಟೇ ಅನ್ವಯಿಸುತ್ತವೆ. ಸ್ನೇಹಿತ ಸೇರಿದ ಎಂದು ಸೇರಬೇಡಿ. ಕೇಳಿ, ಬರೆದುಕೊಳ್ಳಿ, ಆಮೇಲೆ ಹೆಜ್ಜೆ ಇಡಿ.

 ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿಯಾದ ಜ್ಞಾನವನ್ನು ದಯಪಾಲಿಸಲಿ. ಆಮೀನ್.